ಕೋಗಳಿಯ ಬಸದಿ, ಬುಕ್ಕರಾಯನ ಶಾಸನ ಮತ್ತು ನಮ್ಮ ಪೀರಲ ದೇವರು

‘ಅಲ್ಪಸಂಖ್ಯಾತ’ ಎಂಬ ಪದ ನಮ್ಮ ಭಾಷೆಗೆ ಹೊಸದು. ಉರ್ದುವಿನಲ್ಲಿ ಇದಕ್ಕೆ ಅಖಲ್ಲಿಯತ್ ಎನ್ನುತ್ತೇವೆ, ಅದೂ ಹಳೆಯದೇನಲ್ಲ. ಎರಡೂ ಎಣಿಕೆಯಿಂದ ಹುಟ್ಟಿದ ಪದಗಳು. ತಲೆ ಎಣಿಸುವ ಕೆಲಸ ಮದ್ರಾಸ್ ಪ್ರಾಂತ್ಯದಲ್ಲಿ ಸರಿಯಾಗಿ ಶುರುವಾದದ್ದು 1871ರ ಜನಗಣತಿಯಿಂದ. ಅದಕ್ಕೂ ಮುಂಚೆ ಕುಡಿತಿನಿಯಿಂದ ಹರಪನಹಳ್ಳಿಯವರೆಗಿನ ಯಾವ ಊರಿನಲ್ಲೂ ಯಾರೂ ತಾವು ನೂರಕ್ಕೆ ಎಷ್ಟು ಮಂದಿ ಎಂದು ಲೆಕ್ಕ ಹಾಕಿಕೊಂಡು ಬದುಕಿದ್ದಿಲ್ಲ. ಹಳೆಯ ಶಾಸನಗಳಲ್ಲಿ ಸಮಯ, ದರ್ಶನ, ಭವ್ಯರು, ಭಕ್ತರು ಎಂಬ ಮಾತುಗಳು ಸಿಗುತ್ತವೆ. ಹೆಚ್ಚು ಕಡಿಮೆಯ ಮಾತು ಸಿಗುವುದಿಲ್ಲ.

ಆದರೆ ಪದ ಇಲ್ಲದಿದ್ದರೂ ಪರಿಸ್ಥಿತಿ ಇತ್ತು. ಒಂದು ಊರಿನಲ್ಲಿ ಒಂದು ಸಮಯದವರು ಹಿಂದಕ್ಕೆ ಸರಿದು ಇನ್ನೊಂದು ಸಮಯದವರು ಮುಂದಕ್ಕೆ ಬಂದಾಗ, ಹಿಂದೆ ಸರಿದವರ ಗುಡಿ, ವಾದ್ಯ, ಹೊಲ, ಹೆಣ ಹೂಳುವ ಜಾಗ ಇವುಗಳ ಗತಿ ಏನು? ಅದನ್ನು ಯಾರು ಕಾಯಬೇಕು, ಕಾಯದಿದ್ದರೆ ಯಾರ ಹತ್ತಿರ ದೂರು ಹೋಗಬೇಕು? ಈ ಪ್ರಶ್ನೆ ನಮ್ಮ ಕಡೆ ಮುಸಲ್ಮಾನರಿಂದ ಆರಂಭವಾದದ್ದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಜೈನರು. ಇದನ್ನು ನೆನಪಿಟ್ಟುಕೊಂಡರೆ ಇಂದಿನ ಎಷ್ಟೋ ಚರ್ಚೆಗಳ ಕಾವು ಸ್ವಲ್ಪ ಇಳಿದೀತು ಎಂದು ನಮ್ಮ ಭಾವನೆ.

ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವಣ ಸೀಮೆಯಲ್ಲಿ ಕೋಗಳಿ ಎಂಬ ಊರಿದೆ. ಮೊದಲು ಇದು ಹಡಗಲಿ ತಾಲ್ಲೂಕಿನ ಲೆಕ್ಕದಲ್ಲಿತ್ತು. ಇಂದು ನೋಡಿದರೆ ಎಲ್ಲ ಹಳ್ಳಿಗಳಂತೆ ಒಂದು ಹಳ್ಳಿ. ಆದರೆ ಸಾವಿರ ವರ್ಷದ ಹಿಂದೆ ಇದು ಕೋಗಳಿ-500 ಎಂಬ ನಾಡಿನ ಮುಖ್ಯ ಸ್ಥಳ. ರಾಷ್ಟ್ರಕೂಟರು, ಕಲ್ಯಾಣದ ಚಾಳುಕ್ಯರು, ನೊಳಂಬರು ಈ ನಾಡನ್ನು ಆಳಿದರು. ಇಲ್ಲಿನ ಬಸದಿಯಲ್ಲಿ ಚಾಳುಕ್ಯ ಒಂದನೆಯ ಸೋಮೇಶ್ವರನ ಕಾಲದ, 1055ರ ಶಾಸನವೊಂದಿದೆ. ಇಂದ್ರಕೀರ್ತಿ ಎಂಬ ಜೈನ ಗುರು ಬಸದಿಗೆ ದಾನ ಬಿಟ್ಟ ಸಂಗತಿ ಅದರಲ್ಲಿದೆ. ಬಸದಿಯನ್ನು ಕಟ್ಟಿಸಿದವನು ಗಂಗ ಅರಸ ದುರ್ವಿನೀತ ಎಂದೂ ಅದು ಹೇಳುತ್ತದೆ. ದುರ್ವಿನೀತ ಆರನೆಯ ಶತಮಾನದವನು. ಅಂದರೆ ಶಾಸನ ಬರೆಸುವ ಹೊತ್ತಿಗೇ ಅವರ ನೆನಪಿನಲ್ಲಿ ಆ ಬಸದಿ ಐನೂರು ವರ್ಷ ಹಳೆಯದು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ರಾಮನಾಥನ ಕಾಲಕ್ಕೂ ಇಲ್ಲಿನ ಚೆನ್ನಪಾರ್ಶ್ವನಿಗೆ ಹೊನ್ನಿನ ದಾನಗಳು ಬರುತ್ತಿದ್ದವು. ಅರಸನೊಬ್ಬನೇ ಅಲ್ಲ, ಸಾಮಾನ್ಯರೂ ದೇವರ ಅಭಿಷೇಕಕ್ಕೆಂದು ತಮ್ಮ ಕೈಲಾದಷ್ಟನ್ನು ಕೊಟ್ಟು ಹೆಸರು ಬರೆಸಿಕೊಂಡಿದ್ದಾರೆ. ಒಂದು ಧರ್ಮ ಜನರ ನಡುವೆ ಜೀವಂತವಾಗಿತ್ತೇ ಎಂದು ತಿಳಿಯಲು ಅರಸನ ದಾನಕ್ಕಿಂತ ಇಂಥ ಸಣ್ಣ ದಾನಗಳ ಪಟ್ಟಿಯೇ ಒಳ್ಳೆಯ ಸಾಕ್ಷಿ.

ಇಲ್ಲಿಂದ ಕೊಟ್ಟೂರಿಗೆ ಬಂದರೆ ಕಥೆ ಬೇರೆ. ಕೊಟ್ಟೂರು ಇಂದು ಗುರು ಬಸವೇಶ್ವರನ ಊರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನಸ್ವಾಮಿ, ಅರಸೀಕೆರೆಯ ಕೋಲಶಾಂತೇಶ್ವರರ ಜೊತೆ ಸೇರಿಸಿ ಇವರನ್ನು ಪಂಚಗಣಾಧೀಶ್ವರರು ಎನ್ನುವುದು ರೂಢಿ. ಈ ಅರಸೀಕೆರೆ ಹಾಸನದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಊರಿನ ಪ್ರತೀತಿಯಂತೆ ಗುರುಗಳು ಕೊಟ್ಟೂರಿಗೆ ಬಂದಾಗ ಅದು ಜೈನರ ಕೇಂದ್ರವಾಗಿತ್ತು. ಅವರು ಜೈನರನ್ನು ವಾದದಲ್ಲಿ ಗೆದ್ದು, ತಮ್ಮ ಮತಕ್ಕೆ ತಂದು, ಅವರ ಮುಖ್ಯ ಬಸದಿಯಲ್ಲಿ ಲಿಂಗ ಸ್ಥಾಪಿಸಿದರು. ಅದೇ ಇಂದಿನ ಮೂರುಕಲ್ಲು ಮಠ. ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಅದರ ಗರ್ಭಗುಡಿಗಳನ್ನು ಕಂಡವರಿಗೆ ಈ ಹೆಸರು ಏಕೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಇದೇ ಗುರುಗಳು ಅಕ್ಬರ್ ಬಾದಶಹನನ್ನು ಕಂಡುಬಂದರೆಂದು, ಅವನು ಮಂಚ ಕಾಣಿಕೆ ಕೊಟ್ಟನೆಂದು ಹೇಳುವವರೂ ಇದ್ದಾರೆ. ಜನಪದಕ್ಕೆ ದೆಹಲಿ ಯಾವಾಗಲೂ ಹತ್ತಿರ. ಜೈನರನ್ನು ಗೆದ್ದದ್ದೂ ಬಾದಶಹನಿಂದ ಮಾನ್ಯತೆ ಪಡೆದದ್ದೂ ಒಂದೇ ಗುರುವಿನ ಮಹಿಮೆಯಲ್ಲಿ ಸೇರಿಕೊಂಡಿರುವುದನ್ನು ಓದುಗರು ಗಮನಿಸಬೇಕು.

ವಾದ ಮಾಡಿ ಗೆದ್ದು ಬಸದಿಯನ್ನು ಪಡೆಯುವ ಈ ಕಥೆಯ ಅಚ್ಚು ಕೊಟ್ಟೂರಿನದಷ್ಟೇ ಅಲ್ಲ. ತುಂಗಭದ್ರೆ ದಾಟಿ ಪಶ್ಚಿಮಕ್ಕೆ ಹೋದರೆ ಹಿರೇಕೆರೂರು ಸೀಮೆಯಲ್ಲಿ ಅಬ್ಬಲೂರು ಸಿಗುತ್ತದೆ. ಅಲ್ಲಿನ ಸೋಮನಾಥ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ. ಅಳಂದೆಯ ಏಕಾಂತದ ರಾಮಯ್ಯ ಅಬ್ಬಲೂರಿಗೆ ಬಂದು ಜೈನರೊಡನೆ ಪಣ ಕಟ್ಟಿದ. ತನ್ನ ತಲೆಯನ್ನು ಕೊಯ್ದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ಜೈನರು ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು. ಜೈನರು ಇದನ್ನು ಓಲೆಯಲ್ಲಿ ಬರೆದುಕೊಟ್ಟರು. ಏಳು ದಿನಕ್ಕೆ ತಲೆ ಮರಳಿ ಬಂತು. ಜೈನರು ಮಾತಿಗೆ ತಪ್ಪಿದರು, ರಾಮಯ್ಯ ಜಿನಬಿಂಬವನ್ನು ಒಡೆದ. ಜೈನರು ಬಿಜ್ಜಳನ ಹತ್ತಿರ ದೂರು ಕೊಂಡೊಯ್ದರು. ಬಿಜ್ಜಳ ರಾಮಯ್ಯನನ್ನು ಕರೆಸಿ ಕೇಳಿದ. ರಾಮಯ್ಯ ಓಲೆ ತೋರಿಸಿ, ಬೇಕಾದರೆ ಇನ್ನೊಮ್ಮೆ ತಲೆ ಕೊಯ್ದುಕೊಳ್ಳುತ್ತೇನೆ, ಅವರು ತಮ್ಮ ಎಂಟುನೂರು ಬಸದಿಗಳನ್ನು ಪಣಕ್ಕಿಡಲಿ ಎಂದ. ಜೈನರು ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ.

ಪವಾಡದ ಮಾತನ್ನು ಬದಿಗಿಡೋಣ. ಉಳಿದದ್ದೆಲ್ಲ ಒಂದು ಮೊಕದ್ದಮೆಯೇ. ಲಿಖಿತ ಕರಾರು, ಕರಾರು ಮುರಿದ ಆರೋಪ, ಮೂರ್ತಿ ಒಡೆದ ಪ್ರತ್ಯಾರೋಪ, ಎರಡೂ ಕಡೆಯ ಹೇಳಿಕೆ, ತೀರ್ಪು. ಒಂದೇ ತೊಡಕೆಂದರೆ ಈ ಮೊಕದ್ದಮೆಯ ದಾಖಲೆ ನಮಗೆ ಸಿಕ್ಕಿರುವುದು ಗೆದ್ದವರ ಗುಡಿಯ ಕಲ್ಲಿನಲ್ಲಿ. ಸೋತವರು ತಮ್ಮ ಕಡೆಯ ಮಾತನ್ನು ಎಲ್ಲೂ ಕೆತ್ತಿಸಿದಂತಿಲ್ಲ. ಕೆತ್ತಿಸಲು ಅವರಿಗೆ ಅಲ್ಲಿ ಗೋಡೆಯೇ ಉಳಿದಿರಲಿಲ್ಲ.

ಇಷ್ಟು ಹೇಳಿದ ಮೇಲೆ ಬುಕ್ಕರಾಯನ ಶಾಸನಕ್ಕೆ ಬರಬೇಕು. ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಶಾಸನವನ್ನು ನಿಧಾನವಾಗಿ ಓದಿದರೆ ಅದರಲ್ಲಿ ಬಹಳ ಇದೆ. 1368ರಲ್ಲಿ ಜೈನರು ವಿಜಯನಗರದ ಅರಸ ಒಂದನೆಯ ಬುಕ್ಕನ ಮುಂದೆ ನಿಂತು, ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಬಿನ್ನವಿಸಿಕೊಂಡರು. ಬಂದವರು ಒಂದು ಊರಿನವರಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ನಾಡುಗಳ ಭವ್ಯರು. ಆನೆಗೊಂದಿಯೆಂದರೆ ನಮ್ಮ ತಾಲ್ಲೂಕುಗಳ ನೆರೆ. ಜಗಳದ ವಿಷಯ ಮೇಲುನೋಟಕ್ಕೆ ಸಣ್ಣದು: ಜೈನರು ಪಂಚಮಹಾವಾದ್ಯ ಬಾರಿಸಬಹುದೇ, ಕಳಶ ಇಡಬಹುದೇ? ಆದರೆ ವಾದ್ಯದ ಜಗಳ ಎಂದೂ ವಾದ್ಯದ್ದಲ್ಲ. ಬೀದಿ ಯಾರದು ಎಂಬುದು ಅದರ ಒಳಗಿರುವ ಪ್ರಶ್ನೆ. ನಮ್ಮ ಕಾಲದಲ್ಲಿ ಮಸೀದಿಯ ಮುಂದೆ ಬಾಜಾ, ಬೆಳಗಿನ ಬಾಂಗಿನ ಮೈಕು ಎಂದು ನಡೆದ ಜಗಳಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅರಸ ಏನು ಮಾಡಿದ? ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿದ. ಆ ಸಭೆಯ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರೂ ಇದ್ದಾರೆ, ಅಂದರೆ ಅಸ್ಪೃಶ್ಯರೆನಿಸಿಕೊಂಡವರು. ಒಪ್ಪಂದ ಊರಿನ ದೊಡ್ಡವರಲ್ಲಿ ಮಾತ್ರ ಆದರೆ ಬೀದಿಯಲ್ಲಿ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಆ ಕಾಲಕ್ಕೂ ಇತ್ತು. ಆ ಮೇಲೆ ಅರಸ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ, ವಾದ್ಯ ಕಳಶಗಳು ಮೊದಲಿನಂತೆ ಜೈನರಿಗೆ ಸಲ್ಲತಕ್ಕವು, ಭಕ್ತರ ದೆಸೆಯಿಂದ ಜೈನರಿಗೆ ಹಾನಿಯೋ ವೃದ್ಧಿಯೋ ಆದರೆ ಅದನ್ನು ವೈಷ್ಣವರು ತಮ್ಮದೆಂದೇ ತಿಳಿಯಬೇಕು ಎಂದು ಕಟ್ಟು ಮಾಡಿದ. ಈ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲೂ ನೆಡಿಸುವ ಹೊಣೆಯನ್ನು ವೈಷ್ಣವರಿಗೇ ವಹಿಸಿದ.

ಇನ್ನೊಂದು ಕಲಮಿದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ರಾಜ್ಯದ ಜೈನರು ಮನೆ ಬಾಗಿಲಿಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ, ದುರಸ್ತಿ.

ಈ ಶಾಸನವನ್ನು ಸೌಹಾರ್ದದ ದಾಖಲೆ ಎಂದು ಹೊಗಳುವವರಿದ್ದಾರೆ. ಹೊಗಳಿಕೆಗೆ ಯೋಗ್ಯವೇ ಹೌದು. ಯುರೋಪಿನಲ್ಲಿ ಒಂದೇ ಕ್ರಿಸ್ತನ ಎರಡು ಪಂಗಡಗಳು ಪರಸ್ಪರ ಸಹಿಸಿಕೊಳ್ಳಲಿ ಎಂದು ಫ್ರಾನ್ಸಿನ ಅರಸ ನಾಂತ್‌ನ ಆಜ್ಞೆ ಹೊರಡಿಸಿದ್ದು 1598ರಲ್ಲಿ. ಅದನ್ನು ಅವನ ಮೊಮ್ಮಗನೇ 1685ರಲ್ಲಿ ರದ್ದು ಮಾಡಿದ. ಅದಕ್ಕೂ ಇನ್ನೂರ ಮೂವತ್ತು ವರ್ಷ ಮುಂಚಿನದು ನಮ್ಮದು. ಆದರೂ ಎರಡು ಮಾತು ಹೇಳದೆ ಇರಲಾಗದು. ಒಂದು, ಕಾವಲಿನ ಖರ್ಚು ಕಾಯಿಸಿಕೊಂಡವರದು. ಎರಡು, ಕಾವಲುಗಾರರನ್ನು ಇಡುವವರು ಯಾರ ಮೇಲೆ ದೂರಿತ್ತೋ ಅವರ ಕಡೆಯವರೇ. ಇದರಲ್ಲಿ ಅರಸನ ಜಾಣತನವೂ ಇದೆ, ಜೈನರ ಅಸಹಾಯಕತೆಯೂ ಇದೆ. ಜೈನರಿಗೆ ಹಕ್ಕು ಸಿಕ್ಕಿತು, ಆದರೆ ಆ ಹಕ್ಕನ್ನು ಇನ್ನೊಬ್ಬರ ಅಂಗೈಯಲ್ಲಿ ಇಟ್ಟು ಕೊಡಲಾಯಿತು.

ಶಾಸನದ ಕೊನೆಗೆ ಸೇರಿಸಿದ ಕೆಲವು ಸಾಲುಗಳಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಕಲ್ಲೇಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದವನು ಇವನೇ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಕಲ್ಲೇಹವೆಂದರೆ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಒಬ್ಬ ವ್ಯಾಪಾರಿ ಊರಿಂದೂರಿಗೆ ತಿರುಗಿ, ದೂರು ಬರೆಸಿ, ನಾಲ್ಕು ನಾಡಿನವರನ್ನು ಒಟ್ಟುಗೂಡಿಸಿ, ರಾಜಧಾನಿಯ ಬಾಗಿಲು ಕಾದು ಈ ಕೆಲಸ ಆಯಿತು. ಅರಸನ ಔದಾರ್ಯವನ್ನು ಹಾಡುವವರು ಈ ಸೆಟ್ಟಿಯ ಕಾಲಿನ ಸವೆತವನ್ನು ಮರೆಯುತ್ತಾರೆ.

ಇದರ ಜೊತೆಗೆ 1638ರ ಹಳೇಬೀಡಿನ ಶಾಸನವನ್ನೂ ಇಟ್ಟು ನೋಡಬೇಕು. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆ ಹಾಕಿದ. ವಿಜಯಪ್ಪನೆಂಬ ಜೈನ ಅದನ್ನು ಒರೆಸಿದ. ಜಗಳ ಬೆಳೆಯಿತು. ಕೊನೆಗೆ ವೀರಶೈವ ಮಹಾಮಹತ್ತಿನವರೂ ಜೈನ ಮುಖಂಡರೂ ಕೂತು ಒಂದು ತೀರ್ಮಾನಕ್ಕೆ ಬಂದರು. ಜೈನರು ಮೊದಲು ವಿಭೂತಿ ವೀಳ್ಯ ಒಪ್ಪಿಸಿ, ಆ ಮೇಲೆ ತಮ್ಮ ಪೂಜೆ ಉತ್ಸವಗಳನ್ನು ಸೂರ್ಯಚಂದ್ರರಿರುವವರೆಗೂ ನಡೆಸಿಕೊಳ್ಳಬಹುದು. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ತಮ್ಮ ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ ಎಂದು ವೀರಶೈವರೇ ಬರೆಸಿದರು. ತನ್ನ ಗುಡಿಯಲ್ಲಿ ಮೊದಲು ಇನ್ನೊಬ್ಬರ ಮುದ್ರೆಗೆ ತಲೆಬಾಗಬೇಕು ಎನ್ನುವುದು ನುಂಗಲಾರದ ತುತ್ತು. ಆದರೆ ಗೆದ್ದವರು ತಮ್ಮವರ ಮೇಲೆಯೇ ಶಾಪ ಹಾಕಿಕೊಂಡು ಸೋತವರಿಗೆ ಜಾಗ ಮಾಡಿಕೊಟ್ಟದ್ದೂ ಅಷ್ಟೇ ನಿಜ. ಅಬ್ಬಲೂರಿನಿಂದ ಹಳೇಬೀಡಿಗೆ ಬರುವುದರೊಳಗೆ ನಾಲ್ಕು ಶತಮಾನ ಕಳೆದಿತ್ತು.

ಮುಸಲ್ಮಾನರು ಈ ಕಥೆಯೊಳಗೆ ಪ್ರವೇಶಿಸುವುದು ವಿಜಯನಗರದ ಕಾಲದಲ್ಲಿ, ಅದೂ ನಮ್ಮ ಪಕ್ಕದ ಹಂಪಿಯಲ್ಲೇ. 1439ರಲ್ಲಿ ಅಹ್ಮದ್ ಖಾನ್ ಎಂಬ ಸೇನಾಧಿಕಾರಿ ಎರಡನೆಯ ದೇವರಾಯನ ಶ್ರೇಯಸ್ಸಿಗೆಂದು ಮಸೀದಿ ಕಟ್ಟಿಸಿದ. ಅದರ ಕನ್ನಡ ಶಾಸನದಲ್ಲಿ ಮಸೀದಿ ಎಂಬ ಮಾತಿಲ್ಲ, ಧರ್ಮಸಾಲೆ ಎಂದಿದೆ. ಕಟ್ಟಡ ನೋಡಿದರೂ ಗುಂಬಜಿಲ್ಲ ಮಿನಾರಿಲ್ಲ, ಸುತ್ತಣ ಮಂಟಪಗಳಂತೆಯೇ ಇದೆ. ಇದನ್ನು ಅಂಜಿಕೆ ಎನ್ನುವವರು ಎನ್ನಲಿ. ನಮಗೆ ಮಾತ್ರ ಅದು ನೆರೆಯವರ ನುಡಿಯಲ್ಲಿ ತನ್ನ ಮನೆಯ ಹೆಸರು ಹೇಳಿದಂತೆ ಕಾಣುತ್ತದೆ.

ಆ ಮೇಲಿನ ಕಾಲದಲ್ಲಿ, ಹರಪನಹಳ್ಳಿಯ ಬೇಡ ಪಾಳೆಯಗಾರರು, ಹೈದರ್, ಟಿಪ್ಪು, ನಿಜಾಮ ಇವರ ಆಳ್ವಿಕೆಗಳ ನಡುವೆ ಇಲ್ಲಿನ ಹಳ್ಳಿಗಳಲ್ಲಿ ಮುಸಲ್ಮಾನರು ನೆಲೆಯಾದರು. ಹತ್ತಿ ಎಕ್ಕುವ ಪಿಂಜಾರರು, ಲಾಳ ಕಟ್ಟುವವರು, ಕುದುರೆ ಕಾಯುವವರು, ಫಕೀರರು. ಇವರಲ್ಲಿ ಹೆಚ್ಚಿನವರ ಮನೆಮಾತು ಉರ್ದುವೋ ಕನ್ನಡವೋ ಎಂದು ಕೇಳಿದರೆ ಇಂದಿಗೂ ಉತ್ತರ ಒಂದೇ ಅಲ್ಲ. ಅವರು ಜೊತೆಗೆ ತಂದದ್ದು ಮೊಹರಂ. ಒಬ್ಬ ಮುಸಲ್ಮಾನನೂ ಇಲ್ಲದ ಹಳ್ಳಿಗಳಲ್ಲಿ ಕೂಡ ಪೀರಲ ದೇವರನ್ನು ಕೂಡಿಸುವುದು, ಅಲಾಯಿ ಕುಣಿ ತೋಡುವುದು, ಸಕ್ಕರೆ ಓದಿಸುವುದು, ಕೆಂಡ ತುಳಿಯುವುದು ಬಳ್ಳಾರಿ ಸೀಮೆಯಲ್ಲಿ ಸಾಮಾನ್ಯ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಮಡಿದ ಹುಸೇನರು ನಮ್ಮ ಎರೆಹೊಲದ ರೈತನಿಗೆ ಮಳೆ ಕೊಡುವ ದೇವರಾದರು. ನಮ್ಮ ಸಮುದಾಯದ ಸುಧಾರಕರಿಗೆ ಇದು ಇಷ್ಟವಿಲ್ಲ, ಇದು ದೀನ್ ಅಲ್ಲ ಎನ್ನುತ್ತಾರೆ. ಶಾಸ್ತ್ರದ ಪ್ರಕಾರ ಅವರ ಮಾತಿನಲ್ಲಿ ತಪ್ಪಿಲ್ಲದಿರಬಹುದು. ಆದರೆ ಮುನ್ನೂರು ವರ್ಷ ಒಂಟಿ ಮನೆಯ ಮುಜಾವರನನ್ನು ಹಳ್ಳಿಯ ನಡುವೆ ಧೈರ್ಯದಿಂದ ಮಲಗಿಸಿದ್ದು ಈ ಕುಣಿಯ ಬೆಂಕಿಯೇ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ನಮ್ಮ ತಾಲ್ಲೂಕುಗಳು ಮದ್ರಾಸಿನವು. ಆ ಮೇಲೆ ಮೈಸೂರಿಗೆ ಸೇರಿದ್ದು, 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿದ್ದು, 2021ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಯಾದದ್ದು ಓದುಗರಿಗೆ ಗೊತ್ತು. ಆದರೆ ಮದ್ರಾಸಿನ ಕಾಗದಪತ್ರ ನಮ್ಮನ್ನು ಅಷ್ಟು ಬೇಗ ಬಿಡಲಿಲ್ಲ.

ಕಂಪನಿ ಸರ್ಕಾರ 1817ರ ಏಳನೆಯ ರೆಗ್ಯುಲೇಷನ್ನಿನಿಂದ ಗುಡಿ ಮಸೀದಿಗಳ ಆಸ್ತಿಯನ್ನು ರೆವಿನ್ಯೂ ಬೋರ್ಡಿನ ಕೈಗೆ ಕೊಟ್ಟಿತು. ಕ್ರೈಸ್ತ ಸರ್ಕಾರ ವಿಗ್ರಹಗಳ ಲೆಕ್ಕ ಬರೆಯುವುದೇ ಎಂದು ಪಾದ್ರಿಗಳು ಗದ್ದಲ ಮಾಡಿದ ಮೇಲೆ 1863ರ ಕಾಯಿದೆಯಿಂದ ಕೈ ತೊಳೆದುಕೊಂಡು ಸಮಿತಿಗಳಿಗೆ ಒಪ್ಪಿಸಿತು. ನಡುವೆ 1858ರಲ್ಲಿ ಇನಾಂ ಕಮಿಷನ್ ಬಂತು. ಖಾಜಿ, ಮುಜಾವರ, ಪೂಜಾರಿ, ಜಂಗಮ ಎಲ್ಲರೂ ತಮ್ಮ ತಮ್ಮ ಸನದು ಹಿಡಿದು ಒಂದೇ ಸಾಲಿನಲ್ಲಿ ನಿಂತರು. ಸೇವೆ ನಡೆಯುವವರೆಗೆ ಭೂಮಿ ಎಂಬ ಷರತ್ತಿನ ಮೇಲೆ ಧಾರ್ಮಿಕ ಇನಾಂಗಳು ಖಾಯಂ ಆದವು. ಬುಕ್ಕನ ಕಾಲದಲ್ಲಿ ಸೂರ್ಯಚಂದ್ರರು ಸಾಕ್ಷಿಯಾಗಿದ್ದ ಕಡೆ ಈಗ ಟೈಟಲ್ ಡೀಡಿನ ನಂಬರು ಬಂತು.

ಕೋರ್ಟುಗಳು ಬಂದ ಮೇಲೆ ಮನುಷ್ಯನಿಗೆ ಮೊದಲ ಪ್ರಶ್ನೆ: ನೀನು ಯಾವ ಕಾನೂನಿನವನು? ಹಿಂದೂವೋ, ಮಹಮ್ಮದೀಯನೋ? ಜೈನರನ್ನು ಹಿಂದೂ ಧರ್ಮದಿಂದ ಒಡೆದುಹೋದವರೆಂದು ಭಾವಿಸಿ ಹಿಂದೂ ನ್ಯಾಯಶಾಸ್ತ್ರವನ್ನೇ ಹಚ್ಚಿದರು. 1927ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಗೆಟ್ಟಪ್ಪ ವಿರುದ್ಧ ಈರಮ್ಮ ಎಂಬ, ಹೆಸರಿನಿಂದಲೇ ಕನ್ನಡದವರೆಂದು ತಿಳಿಯುವ ಜೈನರ ಮೊಕದ್ದಮೆ ಬಂದಾಗ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಒಂದು ಮುಖ್ಯ ಮಾತು ಬರೆದರು. ವಿಷಯ ಹೊಸದಾಗಿ ತಮ್ಮ ಮುಂದೆ ಬಂದಿದ್ದರೆ ಜೈನರನ್ನು ಹಿಂದೂ ಧರ್ಮದ ಭಿನ್ನಮತೀಯರೆಂದು ತಾವು ಒಪ್ಪುತ್ತಿರಲಿಲ್ಲ, ಜೈನಧರ್ಮದ ಚರಿತ್ರೆ ಸ್ಮೃತಿಗಳಿಗಿಂತ ಹಿಂದಿನದು ಎಂಬುದು ಅದರ ಸಾರ. ಆದರೆ ಹಳೆಯ ತೀರ್ಪುಗಳ ಭಾರದ ಮುಂದೆ ಆ ಅಭಿಪ್ರಾಯ ಅಭಿಪ್ರಾಯವಾಗಿಯೇ ಉಳಿಯಿತು.

ಮುಸಲ್ಮಾನರ ವಿಷಯದಲ್ಲಿ 1873ರ ಮದ್ರಾಸ್ ಸಿವಿಲ್ ಕೋರ್ಟುಗಳ ಕಾಯಿದೆ ಷರಿಯತ್ತಿನ ಜೊತೆ ರೂಢಿಗೂ ಜಾಗ ಕೊಟ್ಟಿತ್ತು. ರೂಢಿ ಎಂದರೆ ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದೇ ಅರ್ಥ. 1937ರ ಷರಿಯತ್ ಕಾಯಿದೆ ಬಂದಾಗ ರೂಢಿಯನ್ನು ತಳ್ಳಿಹಾಕಿತು, ಆದರೆ ಹೊಲವನ್ನು ಹೊರಗಿಟ್ಟಿತು. ನಮ್ಮ ಕಡೆ ಹೊಲ ಬಿಟ್ಟರೆ ಹಂಚಿಕೊಳ್ಳಲು ಬೇರೆ ಏನಿದೆ? ಮದ್ರಾಸ್ ಶಾಸನಸಭೆ 1949ರ ಹದಿನೆಂಟನೆಯ ಕಾಯಿದೆಯಿಂದ ಹೊಲವನ್ನೂ ಒಳಗೆ ಸೇರಿಸಿತು. ನೆರೆಯ ಹಳೆ ಮೈಸೂರಿನಲ್ಲಿ ಇಂಥ ತಿದ್ದುಪಡಿ ಇರಲಿಲ್ಲ. ಮದ್ರಾಸಿನವರಾಗಿದ್ದ ಪುಣ್ಯಕ್ಕೆ ಕೂಡ್ಲಿಗಿ, ಹಡಗಲಿಗಳ ಮುಸಲ್ಮಾನ ಹೆಣ್ಣುಮಗಳಿಗೆ ಹಿಂದೂ ಅಕ್ಕತಂಗಿಯರಿಗಿಂತ ಮುಂಚೆಯೇ ಅಪ್ಪನ ಹೊಲದಲ್ಲಿ ಕಾಯಿದೆಯ ಪಾಲು ಸಿಕ್ಕಿತು. ಕಾಗದದ ಮೇಲೆ ಸಿಕ್ಕಿತು ಎನ್ನಬೇಕು. ಮದುವೆಯಾದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣತಮ್ಮಂದಿರು ನಮ್ಮಲ್ಲೂ ಕಡಿಮೆಯಿಲ್ಲ. ಷರಿಯತ್ತಿಗೆ ಕೈ ಹಾಕಬೇಡಿ ಎಂದು ಮೆರವಣಿಗೆ ಹೊರಡುವಾಗ ಮುಂದಿನ ಸಾಲಿನಲ್ಲಿರುವವರಲ್ಲಿ ಇಂಥವರೂ ಇರುತ್ತಾರೆ. ಬಹುಸಂಖ್ಯಾತರಿಂದ ನ್ಯಾಯ ಕೇಳುವ ಸಮುದಾಯ ತನ್ನೊಳಗಿನ ಕಡಿಮೆ ಬಲದವರಿಗೆ ಏನು ಕೊಟ್ಟಿದೆ ಎಂಬ ಲೆಕ್ಕವನ್ನು ನಾವು ಕೊಡಲೇಬೇಕು.

ಸಂವಿಧಾನ ರಚನಾಸಭೆಯಲ್ಲಿ ವೈಯಕ್ತಿಕ ಕಾನೂನಿನ ಪರವಾಗಿ ಗಟ್ಟಿಯಾಗಿ ಮಾತಾಡಿದ ಮೊಹಮ್ಮದ್ ಇಸ್ಮಾಯಿಲ್, ಬಿ. ಪೋಕರ್ ಸಾಹೇಬ್ ಮುಂತಾದವರು ಮದ್ರಾಸಿನವರು. ಅಂದರೆ ಆಗ ನಮ್ಮ ಪ್ರತಿನಿಧಿಗಳು. ಅವರ ತಿದ್ದುಪಡಿಗಳು ಬಿದ್ದುಹೋದವು. ಆದರೆ 25ರಿಂದ 30ರವರೆಗಿನ ಅನುಚ್ಛೇದಗಳು ಉಳಿದವು. ಬುಕ್ಕನ ಶಾಸನಕ್ಕೂ ಇವಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಸಂವಿಧಾನ ಯಾರ ಕೈಯನ್ನೂ ಯಾರ ಕೈಯಲ್ಲೂ ಇಡುವುದಿಲ್ಲ. ಪೌರನ ಹಕ್ಕು ಪೌರನದೇ, ಅದಕ್ಕೆ ಬಾಗಿಲಿಗೆ ಒಂದು ಹಣವಿಲ್ಲ.

ಹಾಗಿದ್ದರೂ ಸಂವಿಧಾನ ಜೈನರ ಗೊಂದಲವನ್ನು ಬಗೆಹರಿಸಲಿಲ್ಲ. 25ನೆಯ ಅನುಚ್ಛೇದದ ಎರಡನೆಯ ವಿವರಣೆಯಲ್ಲಿ ಹಿಂದೂ ಎಂಬ ಪದಕ್ಕೆ ಸಿಖ್ಖರು, ಜೈನರು, ಬೌದ್ಧರೂ ಸೇರುತ್ತಾರೆ. 1992ರ ಅಲ್ಪಸಂಖ್ಯಾತರ ಆಯೋಗದ ಕಾಯಿದೆಯಡಿ 1993ರಲ್ಲಿ ಕೇಂದ್ರ ಹೊರಡಿಸಿದ ಪಟ್ಟಿಯಲ್ಲಿ ಮುಸಲ್ಮಾನ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿಗಳಿದ್ದರು, ಜೈನರಿರಲಿಲ್ಲ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೂ ಕನ್ನಡನಾಡಿನ ಮಣಿಪಾಲದಿಂದ ಹೋದ ಮೊಕದ್ದಮೆಯೇ. 2005ರಲ್ಲಿ ಬಾಲ್ ಪಾಟೀಲ್ ಮೊಕದ್ದಮೆಯಲ್ಲಿ ಜೈನರನ್ನು ಪಟ್ಟಿಗೆ ಸೇರಿಸಿ ಎಂದು ಕೇಂದ್ರಕ್ಕೆ ನಿರ್ದೇಶನ ಕೊಡಲು ಅದೇ ಕೋರ್ಟು ಒಪ್ಪಲಿಲ್ಲ. 2014ರ ಜನವರಿ 27ರಂದು ಕೇಂದ್ರ ಸರ್ಕಾರವೇ ಸೇರಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು 4,40,280, ನೂರಕ್ಕೆ ಒಂದಕ್ಕೂ ಕಡಿಮೆ. ಪಂಪನ, ರನ್ನನ, ಜನ್ನನ ಧರ್ಮ ದುರ್ವಿನೀತನ ಬಸದಿಯ ನಾಡಿನಲ್ಲಿ ದೆಹಲಿಯ ಗೆಜೆಟ್ಟಿನ ಮೂಲಕ ಅಲ್ಪಸಂಖ್ಯಾತವಾಯಿತು.

ನಾಲ್ಕೇ ವರ್ಷಕ್ಕೆ ಅದೇ ಬಾಗಿಲಲ್ಲಿ ಲಿಂಗಾಯತರು ನಿಂತರು. ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಿಫಾರಸು ಮಾಡಿತು, ಅದೇ ವರ್ಷ ಕೇಂದ್ರ ತಿರಸ್ಕರಿಸಿತು. ಕೊಟ್ಟೂರಿನ ಸಮೀಪದ ಉಜ್ಜಿನಿ ಪಂಚಪೀಠಗಳಲ್ಲೊಂದು. ಪಂಚಪೀಠಗಳು ವೀರಶೈವ, ಲಿಂಗಾಯತ ಬೇರೆಯಲ್ಲ ಎಂದು ಈ ಬೇಡಿಕೆಯನ್ನು ವಿರೋಧಿಸಿದವು. ಹೀಗಾಗಿ ನಮ್ಮ ತಾಲ್ಲೂಕುಗಳ ಒಂದೇ ಮನೆಯಲ್ಲಿ ಎರಡು ಅಭಿಪ್ರಾಯಗಳಾದವು. ಆ ಧರ್ಮದ ಒಳಗಿನ ಮಾತು ಆ ಧರ್ಮದವರದು, ನಾವು ತೀರ್ಪು ಹೇಳುವವರಲ್ಲ. ಆದರೆ ಚರಿತ್ರೆ ಓದುವವರಿಗೆ ಒಂದು ಸಂಗತಿ ಕುತೂಹಲ ಹುಟ್ಟಿಸುತ್ತದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3(ಬಿ) ಪ್ರವರ್ಗದಲ್ಲಿ ವೀರಶೈವ ಲಿಂಗಾಯತರ ಹೆಸರಿನ ಜೊತೆಗೇ ದಿಗಂಬರ ಜೈನರ ಹೆಸರು ನಿಂತಿದೆ. ಅಬ್ಬಲೂರಿನಲ್ಲಿ ತಲೆ ಪಣಕ್ಕಿಟ್ಟವರು ಪಟ್ಟಿಯಲ್ಲಿ ನೆರೆಹೊರೆಯವರು. ಪಿಂಜಾರರು ಅದೇ ಪಟ್ಟಿಯ ಪ್ರವರ್ಗ 1ರಲ್ಲಿದ್ದಾರೆ.

ಮದ್ರಾಸಿನ ಇನ್ನೊಂದು ಕಾಯಿದೆಯ ನೆರಳು ಇನ್ನೂ ಉದ್ದವಾಗಿದೆ. 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯಿದೆ ಬಳ್ಳಾರಿ ಜಿಲ್ಲೆಗೂ ದಕ್ಷಿಣ ಕನ್ನಡಕ್ಕೂ ಒಂದೇ. ಅದನ್ನು ಪ್ರಶ್ನಿಸಿ ಉಡುಪಿಯ ಶಿರೂರು ಮಠ ಹೋದಾಗ 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮದ ಅತ್ಯಗತ್ಯ ಭಾಗ ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದಿತು. ಮಠವನ್ನು ಸರ್ಕಾರದ ಕೈಯಿಂದ ಉಳಿಸಲು ಬಂದ ಮಾತು ಕಾಲ ಕಳೆದಂತೆ ಕೋರ್ಟಿನ ಕೈಯಲ್ಲಿ ಅಳತೆಗೋಲಾಯಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದದ್ದು ಅದೇ ಕೋಲಿನಿಂದ. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ಉಡುಪಿಯಿಂದ ಹೊರಟ ಮಾತು ಉಡುಪಿಯ ಕಾಲೇಜಿಗೇ ಮರಳಿ ಬಂದ ಹಾಗಾಯಿತು. ಒಂದು ಹುಡುಗಿ ಓದಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ಧರ್ಮಗ್ರಂಥವನ್ನು ನ್ಯಾಯಾಲಯ ಬಿಡಿಸಿ ನೋಡಬೇಕಾಗಿ ಬಂದದ್ದು ನಮಗೆ ಸರಿಕಾಣುವುದಿಲ್ಲ. ಹಕ್ಕಿನ ಮಾತಿನಿಂದಲೇ ಅದು ಮುಗಿಯಬೇಕಿತ್ತು.

ಆ 1951ರ ಕಾಯಿದೆಯ ಜಾಗಕ್ಕೆ ಬಂದ 1997ರ ಕರ್ನಾಟಕ ಕಾಯಿದೆ 2003ರಲ್ಲಿ ಜಾರಿಯಾಯಿತು. ಮಠಗಳನ್ನೂ ಜೈನ, ಬೌದ್ಧ, ಸಿಖ್ಖರನ್ನೂ ಹೊರಗಿಟ್ಟದ್ದು ತಾರತಮ್ಯ ಎಂಬುದನ್ನೂ ಸೇರಿಸಿ ಹೈಕೋರ್ಟು 2006ರಲ್ಲಿ ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಕಾಯಿದೆ ಉಳಿಯಿತು. ಒಳಗಿದ್ದರೂ ದೂರು, ಹೊರಗಿದ್ದರೂ ದೂರು.

ಹೀಗೆ ಗುಡಿಗೆ ಒಂದು ಕಾಯಿದೆ, ಬಸದಿಗೆ ಒಂದು ಲೆಕ್ಕ, ಮಸೀದಿ ದರ್ಗಾಗಳಿಗೆ ವಕ್ಫ್ ಕಾಯಿದೆ. 1954ರದು, ಆ ಮೇಲೆ 1995ರದು, ಈಗ 2025ರ ತಿದ್ದುಪಡಿ. ಬಹುಕಾಲದ ಬಳಕೆಯಿಂದಲೇ ಒಂದು ಜಾಗ ವಕ್ಫ್ ಆಗುವ ದಾರಿಯನ್ನು ಈ ತಿದ್ದುಪಡಿ ಮುಂದಿನ ಕಾಲಕ್ಕೆ ಮುಚ್ಚಿದೆ. ವಕ್ಫ್ ಮಾಡುವವನು ಐದು ವರ್ಷ ಇಸ್ಲಾಮನ್ನು ಆಚರಿಸಿರಬೇಕು ಎಂಬ ಕಲಮನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 15ರ ಮಧ್ಯಂತರ ಆಜ್ಞೆಯಲ್ಲಿ ತಡೆಹಿಡಿಯಿತು. 1995ರ ಕಾಯಿದೆಯಲ್ಲಿ ಮಸೀದಿ, ಈದ್ಗಾ, ದರ್ಗಾಗಳಿಗೆ ಮುಸಲ್ಮಾನರಲ್ಲದವರು ಬಿಟ್ಟ ಆಸ್ತಿಗೂ ಒಂದು ಕಲಮಿತ್ತು. ನಮ್ಮ ಕಡೆಯ ಇನಾಂ ದಾಖಲೆ ತಿಳಿದವರು ಬರೆದ ಕಲಮು ಅದು ಎನಿಸುತ್ತಿತ್ತು.

ಹಳ್ಳಿಯ ಪೀರಲ ಚಾವಡಿ ಈ ಯಾವ ಖಾನೆಗೂ ಸರಿಯಾಗಿ ಕೂರುವುದಿಲ್ಲ. ಅದು ಮಸೀದಿಯಲ್ಲ, ಅಲ್ಲಿ ನಮಾಜು ನಡೆಯುವುದಿಲ್ಲ. ಗುಡಿಯೂ ಅಲ್ಲ. ಪಂಜಾ ಹಿಡಿಯುವವನು ಕುರುಬನಿರಬಹುದು, ಬೇಡನಿರಬಹುದು, ಓದಿಸುವವನು ಪಕ್ಕದ ಊರಿನಿಂದ ಬರುವ ಮುಜಾವರ. ಕುಣಿಗೆ ಕಟ್ಟಿಗೆ ಹಾಕುವುದು ಲಿಂಗಾಯತ ಗೌಡರ ಮನೆಯ ಹಕ್ಕು. ಸರ್ವೆಯವರು ಬಂದು ಇದು ಯಾವ ಇಲಾಖೆಯದು ಎಂದು ಕೇಳಿದರೆ ಊರಿನವರು ಒಬ್ಬರ ಮುಖ ಒಬ್ಬರು ನೋಡಿ, ನಮ್ಮೂರಿಂದು ಸ್ವಾಮಿ, ಬರ್ಕೊಳ್ಳಿ ಎನ್ನುತ್ತಾರೆ. ಅರ್ಜಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.